ಅಟ್ಟದಿಂದ ಇಳಿಸಿದ ವಾಲ್ವ್ ರೇಡಿಯೊ: ಯಾವ ಕೆಪಾಸಿಟರ್ ಬದಲಿಸಬೇಕು, ಯಾವುದನ್ನು ಮುಟ್ಟಬಾರದು?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಕಾಫಿ ತೋಟದ ಮನೆ. ತಾತನವರ ಕಾಲದ ವಾಲ್ವ್ ರೇಡಿಯೊ ಬಹಳ ವರ್ಷಗಳಿಂದ ಅಟ್ಟದ ಮೇಲಿತ್ತು. ಮೊನ್ನೆ ಕೆಳಗಿಳಿಸಿ, ಧೂಳು ಒರೆಸಿ ಪ್ಲಗ್ ಹಾಕಿದೆವು. ಡಯಲ್ ದೀಪ ಹೊತ್ತಿತು. ಅರ್ಧ ನಿಮಿಷದ ಮೇಲೆ ಜೋರಾಗಿ ಗುಂಯ್ ಎನ್ನುವ ಸದ್ದು ಶುರುವಾಯಿತು. ಅದರ ಹಿಂದೆ ಒಡೆದಂತೆ ಕೇಳುವ ಕ್ಷೀಣವಾದ ಮಾತು. ಎರಡು ಮೂರು ನಿಮಿಷಕ್ಕೆ ಮೇಣ ಕರಗಿದ ವಾಸನೆ ಬಂದದ್ದರಿಂದ ಆಫ್ ಮಾಡಿದೆವು. ವಾಲ್ವ್‌ಗಳ ಮೇಲೆ ಇಸಿಎಚ್ 81, ಇಎಫ್ 89, ಇಬಿಸಿ 81, ಇಎಲ್ 84, ಇಝಡ್ 80 ಎಂದಿದೆ. ಹಾಸನದ ಮೆಕ್ಯಾನಿಕ್ ಒಬ್ಬರು ಎಲ್ಲ ಕಂಡೆನ್ಸರ್ (ಕೆಪಾಸಿಟರ್) ಕಿತ್ತು ಹೊಸದು ಹಾಕಲೇಬೇಕು ಎನ್ನುತ್ತಾರೆ. ನೆಂಟರೊಬ್ಬರು, ಒರಿಜಿನಲ್ ಭಾಗ ತೆಗೆದರೆ ಅದರ ಬೆಲೆಯೂ ಹೋಗುತ್ತದೆ, ಆ ಹಳೆಯ ದನಿಯೂ ಹೋಗುತ್ತದೆ, ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತ ಹೋದರೆ ಹಳೆಯವೇ ಸರಿಹೋಗುತ್ತವೆ ಎನ್ನುತ್ತಾರೆ. ಮಲ್ಟಿಮೀಟರ್‌ನಲ್ಲಿ ಅಳೆದರೆ ಹೆಚ್ಚಿನ ಕೆಪಾಸಿಟರ್‌ಗಳು ಸರಿಯಾಗಿಯೇ ತೋರಿಸುತ್ತಿವೆ. ಯಾರ ಮಾತು ನಂಬಬೇಕು? ಬೆಸುಗೆ ಹಾಕಲು ನನಗೆ ಬರುತ್ತದೆ. ಈ ಕೆಲಸ ನಾನೇ ಮಾಡಬಹುದೆ?

ಉತ್ತರ: ಮೊದಲ ಮಾತು, ಈ ಉತ್ತರವನ್ನು ಪೂರ್ತಿ ಓದಿ ಮುಗಿಸುವವರೆಗೆ ರೇಡಿಯೊದ ಪ್ಲಗ್ಗನ್ನು ಮತ್ತೆ ಸಾಕೆಟ್ಟಿಗೆ ಹಾಕಬೇಡಿ. ನೀವು ಬರೆದಿರುವ ಮೂರು ಲಕ್ಷಣಗಳು ಮೂರು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿವೆ. ಗುಂಯ್ ಸದ್ದು ವಿದ್ಯುತ್ ಪೂರೈಕೆಯ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಒಣಗಿದೆ ಎನ್ನುವುದಕ್ಕೆ ಗುರುತು. ಮಾತು ಒಡೆದು ಕೇಳುವುದು ಬಹುಪಾಲು ಸಂದರ್ಭಗಳಲ್ಲಿ, ಒಂದು ವಾಲ್ವ್‌ನಿಂದ ಮುಂದಿನದಕ್ಕೆ ಧ್ವನಿ ದಾಟಿಸುವ ಕಪ್ಲಿಂಗ್ ಕೆಪಾಸಿಟರ್ ಡಿಸಿ ವಿದ್ಯುತ್ತನ್ನೂ ಸೋರಿಸುತ್ತಿರುವುದರಿಂದ. ಮೇಣದ ವಾಸನೆ ಒಂದೋ ಮೇಣ ಲೇಪಿಸಿದ ಕಾಗದದ ಕೆಪಾಸಿಟರ್‌ನಿಂದ ಬಂದಿರಬೇಕು, ಇಲ್ಲವೇ ಸ್ಪೀಕರ್‌ಗೆ ಧ್ವನಿ ಕೊಡುವ, ಮೇಣದಲ್ಲಿ ಅದ್ದಿ ತೆಗೆದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕಾಯ್ದು ಬಂದಿರಬೇಕು. ಎರಡನೆಯದಾಗಿದ್ದರೆ ನೀವು ಸಕಾಲಕ್ಕೆ ಆಫ್ ಮಾಡಿದ್ದೀರಿ.

ನಿಮ್ಮ ಆತಂಕವನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಬದಲಿಸಿದರೆ ತಾತನವರ ರೇಡಿಯೊ ಅದೇ ರೇಡಿಯೊ ಆಗಿ ಉಳಿಯುವುದಿಲ್ಲವೇನೋ, ಬದಲಿಸದಿದ್ದರೆ ಸುಟ್ಟುಹೋಗುತ್ತದೇನೋ. ಮೆಕ್ಯಾನಿಕ್ ಮತ್ತು ನೆಂಟರು ಇಬ್ಬರೂ ಅರ್ಧ ಸರಿ. ಅವರಿಬ್ಬರೂ ಕೆಪಾಸಿಟರ್‌ನ ವಯಸ್ಸನ್ನು ನೋಡುತ್ತಿದ್ದಾರೆ. ನಾನು ನೋಡುವುದು ಅದು ಯಾವ ಜಾತಿಯದು, ಯಾವ ಜಾಗದಲ್ಲಿದೆ, ಕೆಟ್ಟರೆ ತನ್ನ ಜೊತೆಗೆ ಏನನ್ನು ಸುಡುತ್ತದೆ ಎಂಬುದನ್ನು. ಕೆಲವು ರೂಪಾಯಿಯ ಕೆಪಾಸಿಟರ್ ಹೋದರೆ ನಷ್ಟವಿಲ್ಲ. ಅದು ತೆಗೆದುಕೊಂಡು ಹೋಗುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಈಗ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ.

ವಾಲ್ವ್‌ಗಳ ಹೆಸರಿನ ಮೊದಲಕ್ಷರ ‘ಇ’ ಆಗಿರುವುದರಿಂದ ಅವುಗಳ ಹೀಟರ್‌ಗೆ (ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿಗೆ) ಬೇಕಾಗುವುದು 6.3 ವೋಲ್ಟ್, ಅಂದರೆ ನಿಮ್ಮದು ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವ ಸೆಟ್. ಕಾಲ 1950ರ ದಶಕದ ಉತ್ತರಾರ್ಧ ಅಥವಾ 1960ರ ದಶಕ. ಇದು ನಿಮ್ಮ ಅದೃಷ್ಟ. ಇದನ್ನು ಓದುವ ಬೇರೆಯವರ ಮನೆಯಲ್ಲಿ ‘ಯು’ ಅಕ್ಷರದಿಂದ ಆರಂಭವಾಗುವ ವಾಲ್ವ್‌ಗಳ ರೇಡಿಯೊ ಇದ್ದರೆ, ಅದು ಎಸಿ, ಡಿಸಿ ಎರಡರಲ್ಲೂ ನಡೆಯುವಂತೆ ಮಾಡಿದ್ದು. ಅದರಲ್ಲಿ ಮೇನ್ಸ್‌ನ ಒಂದು ತಂತಿ ನೇರವಾಗಿ ಶಾಸಿಗೇ, ಅಂದರೆ ಭಾಗಗಳನ್ನೆಲ್ಲ ಕೂರಿಸಿದ ಲೋಹದ ತಗಡಿಗೇ, ಸೇರಿರುತ್ತದೆ. ಪ್ಲಗ್ ತಿರುಗಿದರೆ ಶಾಸಿಯ ತಗಡೇ 230 ವೋಲ್ಟ್. ಅಂಥ ಸೆಟ್ಟನ್ನು ಮನೆಯಲ್ಲಿ ಬಿಚ್ಚಬಾರದು, ಅದರ ವಿಷಯ ಇಲ್ಲಿಗೆ ಸಾಕು.

ಈಗ ಕೆಪಾಸಿಟರ್‌ಗಳು ಏಕೆ ಕೆಡುತ್ತವೆ ಎನ್ನುವುದಕ್ಕೆ ಬರೋಣ. ಕಾಗದದ ಕೆಪಾಸಿಟರ್‌ನಲ್ಲಿ ಎರಡು ಲೋಹದ ಹಾಳೆಗಳ ನಡುವೆ ಮೇಣ ಅಥವಾ ಎಣ್ಣೆ ಹೀರಿದ ಕಾಗದವಿರುತ್ತದೆ. ಕಾಗದ ತೇವ ಎಳೆದುಕೊಳ್ಳುತ್ತದೆ, ಕಾಲಕ್ರಮದಲ್ಲಿ ತಾನಾಗಿಯೇ ಆಮ್ಲೀಯವೂ ಆಗುತ್ತದೆ, ಆಗ ವಿದ್ಯುತ್ ನಿರೋಧಕವಾಗಿ ನಿಲ್ಲಲಾರದೆ ಅಷ್ಟಿಷ್ಟು ಸೋರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಿಮ್ಮ ಮಲೆನಾಡಿನ ಅಟ್ಟದಲ್ಲಿ ಈ ಕ್ರಿಯೆ ಬಯಲುಸೀಮೆಗಿಂತ ಬೇಗ ನಡೆಯುತ್ತದೆ. ಅರಸೀಕೆರೆ ಕಡೆಯಿಂದ ಬರುವ ಸೆಟ್‌ಗಳಿಗೂ ಸಕಲೇಶಪುರ, ಮೂಡಿಗೆರೆ ಕಡೆಯಿಂದ ಬರುವ ಸೆಟ್‌ಗಳಿಗೂ ವ್ಯತ್ಯಾಸ ಶಾಸಿಯ ತುಕ್ಕು ನೋಡಿದರೇ ತಿಳಿಯುತ್ತದೆ. ಮೇಲೆ ಡಾಂಬರಿನಂಥ ಕಪ್ಪು ಲೇಪವಿರಲಿ, ಹೊಳೆಯುವ ಕಂದು ಪ್ಲಾಸ್ಟಿಕ್ ಕವಚವಿರಲಿ, ಒಳಗಿರುವುದು ಅದೇ ಕಾಗದ. ಹೊರನೋಟಕ್ಕೆ ಚೆನ್ನಾಗಿದೆ ಎನ್ನುವುದಕ್ಕೆ ಇಲ್ಲಿ ಬೆಲೆಯಿಲ್ಲ.

ಫಿಲ್ಟರ್‌ಗಳಾಗಿ ಬಳಸುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನ ಕಥೆ ಬೇರೆ. ಅಲ್ಯೂಮಿನಿಯಂ ಹಾಳೆಯ ಮೇಲೆ ಬೆಳೆಸಿದ ಅತಿ ತೆಳುವಾದ ಆಕ್ಸೈಡ್ ಪದರವೇ ಅದರ ನಿರೋಧಕ. ವರ್ಷಗಟ್ಟಲೆ ವೋಲ್ಟೇಜ್ ಕಾಣದಿದ್ದರೆ ಈ ಪದರ ಕರಗಿ ಸೋರಿಕೆ ಹೆಚ್ಚುತ್ತದೆ. ಅದರ ಜೊತೆಗೆ ಒಳಗಿನ ದ್ರಾವಣವೂ ರಬ್ಬರ್ ಸೀಲಿನ ಮೂಲಕ ಆವಿಯಾಗುತ್ತ ಹೋಗಿ, ಮೈಕ್ರೊಫ್ಯಾರಡ್ ಕಡಿಮೆಯಾಗಿ ಒಳಪ್ರತಿರೋಧ ಏರುತ್ತದೆ. ಮೊದಲನೆಯ ತೊಂದರೆಯನ್ನು ವೋಲ್ಟೇಜ್ ನಿಧಾನವಾಗಿ ಕೊಟ್ಟು ಸರಿಪಡಿಸಬಹುದು, ಏಕೆಂದರೆ ಆಕ್ಸೈಡ್ ಪದರ ಮತ್ತೆ ಬೆಳೆಯುತ್ತದೆ. ಎರಡನೆಯದನ್ನು ಯಾರಿಂದಲೂ ಸರಿಪಡಿಸಲಾಗದು, ಆರಿಹೋದ ದ್ರಾವಣ ಮರಳಿ ಬರುವುದಿಲ್ಲ. ನಿಮ್ಮ ನೆಂಟರ ಮಾತಿನಲ್ಲಿ ಸತ್ಯವಿರುವುದು ಮೊದಲನೆಯದರ ಮಟ್ಟಿಗೆ ಮಾತ್ರ. ಕಾಗದದ ಕೆಪಾಸಿಟರ್‌ಗಳಿಗಂತೂ ಆ ಉಪಾಯ ಸ್ವಲ್ಪವೂ ಅನ್ವಯಿಸುವುದಿಲ್ಲ.

ಆ ಉಪಾಯದಲ್ಲಿ ಇನ್ನೊಂದು ತೊಡಕೂ ಇದೆ. ವೇರಿಯಾಕ್ (ಮೇನ್ಸ್ ವೋಲ್ಟೇಜನ್ನು ಬೇಕಾದಷ್ಟಕ್ಕೆ ತಿರುಗಿಸಿಡುವ ಟ್ರಾನ್ಸ್‌ಫಾರ್ಮರ್) ಇಟ್ಟು 50 ವೋಲ್ಟ್, 80 ವೋಲ್ಟ್ ಎಂದು ಏರಿಸುತ್ತ ಹೋದಾಗ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಇಝಡ್ 80ರ ಹೀಟರ್ ಸಾಕಷ್ಟು ಕಾಯುವುದಿಲ್ಲ, ಹಾಗಾಗಿ ಕೆಪಾಸಿಟರ್‌ಗೆ ಏನೂ ತಲುಪುವುದಿಲ್ಲ. ಒಂದು ಹಂತ ದಾಟಿ ವಾಲ್ವ್ ಕಾಯ್ದಾಗ ನೂರಾರು ವೋಲ್ಟ್ ಒಮ್ಮೆಗೇ ಬಂದು ಬೀಳುತ್ತದೆ. ಗಂಟೆಗಟ್ಟಲೆ ಕಾದದ್ದು ವ್ಯರ್ಥ. ಸರಿಯಾಗಿ ಮಾಡಬೇಕೆಂದರೆ ಕೆಪಾಸಿಟರ್ ಅನ್ನು ಸರ್ಕ್ಯೂಟ್‌ನಿಂದ ಬಿಡಿಸಿ, ಬೇರೆ ಡಿಸಿ ಮೂಲದಿಂದ 22 ಕಿಲೋಓಮ್ ರೆಸಿಸ್ಟರ್ ಮೂಲಕ ಕೊಟ್ಟು, ಆ ರೆಸಿಸ್ಟರ್‌ನ ಎರಡು ತುದಿಗಳ ನಡುವಿನ ವೋಲ್ಟೇಜ್ ನೋಡುತ್ತಿರಬೇಕು. 22 ವೋಲ್ಟ್ ಕಂಡರೆ ಸೋರಿಕೆ ಒಂದು ಮಿಲಿಆಂಪಿಯರ್ ಎಂದು ಲೆಕ್ಕ. ಪೂರ್ಣ ವೋಲ್ಟೇಜ್‌ನಲ್ಲಿ ಕೆಲವು ಗಂಟೆ ಕಳೆದರೂ ಅದು ಇದಕ್ಕಿಂತ ಕೆಳಗಿಳಿಯದಿದ್ದರೆ ನಾನು ಆ ಕೆಪಾಸಿಟರ್‌ನ ಆಸೆ ಬಿಡುತ್ತೇನೆ.

ನಿಮ್ಮ ಮಲ್ಟಿಮೀಟರ್ ಏಕೆ ಎಲ್ಲ ಸರಿ ಎನ್ನುತ್ತಿದೆ? ಅದು ಅಳೆಯುವುದು ಒಂದೆರಡು ವೋಲ್ಟ್‌ನಲ್ಲಿ. ಕೆಪಾಸಿಟರ್ ದುಡಿಯಬೇಕಾದದ್ದು ನೂರು, ಇನ್ನೂರೈವತ್ತು ವೋಲ್ಟ್‌ನಲ್ಲಿ. ಸೋರುವ ಕೆಪಾಸಿಟರ್ ಕಡಿಮೆ ದರದ ಮೀಟರ್‌ನಲ್ಲಿ ಕೆಲವೊಮ್ಮೆ ಬರೆದಿರುವುದಕ್ಕಿಂತ ಹೆಚ್ಚಿನ ಮೈಕ್ರೊಫ್ಯಾರಡ್ ತೋರಿಸಿ ಇನ್ನೂ ಗಟ್ಟಿಮುಟ್ಟಾಗಿದೆ ಎಂಬ ಭ್ರಮೆ ಹುಟ್ಟಿಸುವುದೂ ಉಂಟು.

ಒಂದೇ ಒಂದು ಕೆಪಾಸಿಟರ್‌ನ ಲೆಕ್ಕ ನೋಡಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಇಬಿಸಿ 81ರ ಆನೋಡ್‌ನಿಂದ (ಧ್ವನಿ ಹೊರಬರುವ ತುದಿ) ಇಎಲ್ 84ರ ಗ್ರಿಡ್‌ಗೆ (ವಾಲ್ವ್‌ನ ಕರೆಂಟನ್ನು ಹಿಡಿತದಲ್ಲಿಡುವ ತುದಿ) ಧ್ವನಿಯನ್ನು ದಾಟಿಸುವುದು ಸುಮಾರು 0.01 ಅಥವಾ 0.02 ಮೈಕ್ರೊಫ್ಯಾರಡ್‌ನ ಕಪ್ಲಿಂಗ್ ಕೆಪಾಸಿಟರ್. ಅದರ ಒಂದು ತುದಿಯಲ್ಲಿ ನೂರು ವೋಲ್ಟ್ ಆಸುಪಾಸು ಡಿಸಿ ಇರುತ್ತದೆ, ಇನ್ನೊಂದು ತುದಿ ಒಂದು ಮೆಗಓಮ್‌ನಷ್ಟು ರೆಸಿಸ್ಟರ್ ಮೂಲಕ ಶಾಸಿಗೆ ಸೇರಿ ಸೊನ್ನೆಯಲ್ಲಿರಬೇಕು. ಕೆಪಾಸಿಟರ್‌ನ ಸೋರಿಕೆ ಹತ್ತು ಮೆಗಓಮ್‌ನಷ್ಟೇ ಎಂದಿಟ್ಟುಕೊಳ್ಳಿ. ಓಮ್ ರೇಂಜಿನಲ್ಲಿ ಅಳೆದವರು ಇದನ್ನು ಕಂಡು ‘ಪರವಾಗಿಲ್ಲ’ ಎಂದು ಬಿಡುವ ಸಾಧ್ಯತೆಯೇ ಹೆಚ್ಚು. ಆದರೆ ಹತ್ತಕ್ಕೆ ಒಂದರ ಪಾಲಿನಲ್ಲಿ ಗ್ರಿಡ್‌ಗೆ ಒಂಬತ್ತು ವೋಲ್ಟ್‌ನಷ್ಟು ಧನ ವೋಲ್ಟೇಜ್ ಬಂದು ಬೀಳುತ್ತದೆ. ಇಎಲ್ 84 ತನ್ನ ಹಿಡಿತದಲ್ಲಿರಲು ಬೇಕಾದ ಋಣ ಬಯಾಸ್ (ಗ್ರಿಡ್‌ನ ಮೇಲಿನ ಋಣ ವೋಲ್ಟೇಜ್) 250 ವೋಲ್ಟ್‌ನಲ್ಲಿ ಸುಮಾರು ಏಳು ವೋಲ್ಟ್ ಮಾತ್ರ. ಬಯಾಸ್ ಅಳಿಸಿಹೋಗುತ್ತದೆ, 48 ಮಿಲಿಆಂಪಿಯರ್ ಎಳೆಯಬೇಕಾದ ವಾಲ್ವ್ ಅದಕ್ಕಿಂತ ಬಹಳ ಹೆಚ್ಚು ಎಳೆಯುತ್ತದೆ, ಆ ಕರೆಂಟೆಲ್ಲ ಕೂದಲಿನಂಥ ಸಣ್ಣ ತಂತಿ ಸುತ್ತಿದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೂಲಕವೇ ಹರಿಯುತ್ತದೆ, ಇಝಡ್ 80ಕ್ಕೂ ಮೇನ್ಸ್ ಟ್ರಾನ್ಸ್‌ಫಾರ್ಮರ್‌ಗೂ ಅದೇ ಭಾರ ಬೀಳುತ್ತದೆ. ಮೊದಲು ಧ್ವನಿ ಒಡೆಯುತ್ತದೆ, ಆಮೇಲೆ ಮೇಣದ ವಾಸನೆ ಬರುತ್ತದೆ, ಕೊನೆಗೆ ಸದ್ದೇ ನಿಲ್ಲುತ್ತದೆ. ನಿಮ್ಮ ರೇಡಿಯೊ ಎರಡನೆಯ ಹಂತದಲ್ಲಿ ನಿಂತಿದೆ ಎಂದು ನನ್ನ ಅಂದಾಜು. ಪ್ಲಗ್ ತೆಗೆದೇ ಇರುವಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯನ್ನು (ವಾಲ್ವ್ ಕಡೆಯ ಸುರುಳಿಯನ್ನು) ಅಳೆಯಿರಿ. ಕೆಲವು ನೂರು ಓಮ್ ತೋರಿಸಿದರೆ ತಂತಿ ತುಂಡಾಗಿಲ್ಲ ಎಂದು ಸಮಾಧಾನಪಡಬಹುದು.

ಆದ್ದರಿಂದ ಈ ಕಪ್ಲಿಂಗ್ ಕೆಪಾಸಿಟರ್ ವಿಷಯದಲ್ಲಿ ಪರೀಕ್ಷೆ, ಚರ್ಚೆ ಯಾವುದೂ ಬೇಡ. ಮುಂದೆ ವಿದ್ಯುತ್ ಕೊಡುವ ಮುನ್ನವೇ ಅದನ್ನು ಬದಲಿಸಿ. 630 ವೋಲ್ಟ್‌ನ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕೆಪಾಸಿಟರ್ ಸಾಕು. ಅದರ ನಂತರ ಫಿಲ್ಟರ್ ಎಲೆಕ್ಟ್ರೊಲಿಟಿಕ್‌ಗಳು, ಬಳಿಕ ಇಎಲ್ 84ರ ಕ್ಯಾಥೋಡ್‌ನಲ್ಲಿರುವ 25 ಅಥವಾ 50 ಮೈಕ್ರೊಫ್ಯಾರಡ್‌ನ ಚಿಕ್ಕ ಎಲೆಕ್ಟ್ರೊಲಿಟಿಕ್. ಮೇನ್ಸ್ ತಂತಿಯಿಂದ ಶಾಸಿಗೆ ಒಂದು ಕಾಗದದ ಕೆಪಾಸಿಟರ್ ಇದ್ದರೆ ಅದನ್ನು ತೆಗೆದುಬಿಡಿ, ಇಲ್ಲವೇ ವೈ 2 ದರ್ಜೆಯ ಸುರಕ್ಷತಾ ಕೆಪಾಸಿಟರ್ ಹಾಕಿ. ಮೇನ್ಸ್‌ನ ಎರಡು ತಂತಿಗಳ ನಡುವೆ ಇರುವುದಕ್ಕೆ ಎಕ್ಸ್ 2 ದರ್ಜೆ. ಮೇನ್ಸ್‌ನಿಂದ ಶಾಸಿಗೆ ಹೋಗುವ ಜಾಗದಲ್ಲಿ ಮಾಮೂಲಿ ಕೆಪಾಸಿಟರ್ ಹಾಕಿದರೆ, ಅದು ಶಾರ್ಟ್ ಆದ ದಿನ ರೇಡಿಯೊ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಇಎಲ್ 84ರ ಆನೋಡ್‌ನಿಂದ ಹೊರಡುವ ಟೋನ್ ಕೆಪಾಸಿಟರ್‌ನ ಮೇಲೆ ಧ್ವನಿಯ ಏರಿಳಿತದಲ್ಲಿ ಪೂರೈಕೆಯ ವೋಲ್ಟೇಜ್‌ಗಿಂತ ಬಹಳ ಹೆಚ್ಚಿನ ಒತ್ತಡ ಬೀಳುವುದರಿಂದ, ಅದಕ್ಕೆ 1000 ವೋಲ್ಟ್ ಅಥವಾ ಅದಕ್ಕೂ ಮೇಲಿನದ್ದೇ ಬೇಕು. ಇಷ್ಟು ಮುಗಿದ ಮೇಲೆ ಉಳಿದ ಕಾಗದದ ಕೆಪಾಸಿಟರ್‌ಗಳನ್ನು ಬಿಡುವು ಮಾಡಿಕೊಂಡು ಒಂದೊಂದಾಗಿ ಬದಲಿಸಬಹುದು. ಸ್ಕ್ರೀನ್ ಗ್ರಿಡ್ (ವಾಲ್ವ್‌ನ ಎರಡನೆಯ ಗ್ರಿಡ್) ಮತ್ತು ಎಜಿಸಿ (ಸ್ಟೇಷನ್‌ಗಳ ಸದ್ದನ್ನು ತಾನಾಗಿ ಸಮ ಮಾಡುವ ವ್ಯವಸ್ಥೆ) ದಾರಿಯಲ್ಲಿರುವವು ಸೋರಿದರೆ ಸಾಮಾನ್ಯವಾಗಿ ದೊಡ್ಡದೇನೂ ಸುಡದು, ಆದರೆ ಸ್ಟೇಷನ್‌ಗಳು ಸರಿಯಾಗಿ ಕೇಳುವುದಿಲ್ಲ.

ಇನ್ನು ಮುಟ್ಟಬಾರದವು. ಮೆಕ್ಯಾನಿಕ್ ಹೇಳಿದ ‘ಎಲ್ಲ’ ಎನ್ನುವ ಮಾತಿಗೆ ನನ್ನ ತಕರಾರಿರುವುದು ಇಲ್ಲಿ. ಸಿಲ್ವರ್ ಮೈಕಾ, ಸೆರಾಮಿಕ್, ಪಾಲಿಸ್ಟೈರೀನ್ ಕೆಪಾಸಿಟರ್‌ಗಳು ಸಾಮಾನ್ಯವಾಗಿ ಇಷ್ಟು ವರ್ಷದ ಮೇಲೂ ಚೆನ್ನಾಗಿರುತ್ತವೆ. ಅವು ಇರುವುದು ಆಸಿಲೇಟರ್‌ನಲ್ಲಿ ಮತ್ತು ಐಎಫ್ ಕ್ಯಾನ್ ಎಂಬ ಲೋಹದ ಡಬ್ಬಿಗಳಲ್ಲಿ, ಅಂದರೆ ಸ್ಟೇಷನ್ ಹಿಡಿಯುವ ಮತ್ತು 455 ಕಿಲೋಹರ್ಟ್ಸ್ ಆಸುಪಾಸಿಗೆ ಕೂರಿಸಿದ ಟ್ಯೂನ್ ಸರ್ಕ್ಯೂಟ್‌ಗಳಲ್ಲಿ. ಅಲ್ಲಿ ಹತ್ತು ಪಿಕೊಫ್ಯಾರಡ್ ಹೆಚ್ಚು ಕಡಿಮೆಯಾದರೂ ಡಯಲ್ ಮೇಲಿನ ಗುರುತಿಗೂ ಸ್ಟೇಷನ್‌ಗೂ ಸಂಬಂಧ ತಪ್ಪುತ್ತದೆ, ಸಿಗ್ನಲ್ ಜನರೇಟರ್ ಇಟ್ಟು ಮತ್ತೆ ಅಲೈನ್ ಮಾಡಬೇಕಾಗುತ್ತದೆ. ಕ್ಯಾನ್ ಮೇಲಿನ ಸ್ಕ್ರೂಗಳು ಸಡಿಲವಾಗಿವೆ ಎಂದು ಬಿಗಿ ಮಾಡಿ ತಂದವರನ್ನು ನೋಡಿದ್ದೇನೆ. ಅವು ಬಿಗಿ ಮಾಡುವ ಸ್ಕ್ರೂಗಳಲ್ಲ.

ಬೆಲೆಯ ಮಾತು. ಹಳೆಯ ರೇಡಿಯೊ ಕೊಳ್ಳುವವರು ನೋಡುವುದು ಮರದ ಕ್ಯಾಬಿನೆಟ್, ಡಯಲ್ ಗಾಜು, ನಾಬ್‌ಗಳು, ಸ್ಪೀಕರ್ ಬಟ್ಟೆ ಮತ್ತು ಸುಡದ ಟ್ರಾನ್ಸ್‌ಫಾರ್ಮರ್. ಸೋರುವ ಕಾಗದದ ಕೆಪಾಸಿಟರ್‌ಗೆ ಯಾರೂ ಹಣ ಕೊಡುವುದಿಲ್ಲ. ಒಳಗಿನ ನೋಟವೂ ಹಾಗೆಯೇ ಇರಬೇಕು ಎನ್ನುವವರಿಗೆ ಒಂದು ದಾರಿಯಿದೆ: ಹಳೆಯ ಕೊಳವೆಯ ಒಳಗಿರುವುದನ್ನು ತೆಗೆದು, ಅದರೊಳಗೆ ಹೊಸ ಚಿಕ್ಕ ಕೆಪಾಸಿಟರ್ ಇಟ್ಟು ತುದಿಯನ್ನು ಮೇಣದಿಂದ ಮುಚ್ಚುವುದು. ಸಮಯ ಬಹಳ ಬೇಡುತ್ತದೆ, ಕೆಲಸದಲ್ಲಿ ವ್ಯತ್ಯಾಸವೇನೂ ಆಗದು. ಕೆಲವು ಹಳೆಯ ಎಣ್ಣೆ ಕೆಪಾಸಿಟರ್‌ಗಳಲ್ಲಿ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಇರುವ ಸಾಧ್ಯತೆ ಇರುವುದರಿಂದ, ಎಣ್ಣೆ ಜಿನುಗುವುದನ್ನು ಬಿಚ್ಚಲೂಬಾರದು, ಒಲೆಗೆ ಹಾಕಲೂಬಾರದು.

ದನಿಯ ಮಾತಿಗೆ ಬಂದರೆ, ಹಳೆಯ ಕೆಪಾಸಿಟರ್‌ನಲ್ಲಿ ಹಳೆಯ ದನಿ ಅಡಗಿದೆ ಎನ್ನುವುದು ಬರಿಯ ನಂಬಿಕೆ. ಆ ದನಿ ಇರುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಮತ್ತು ಮರದ ಪೆಟ್ಟಿಗೆಯಲ್ಲಿ. ‘ಆಡಿಯೊ ಗ್ರೇಡ್’ ಎಂದು ಹತ್ತು ಪಟ್ಟು ಬೆಲೆಗೆ ಮಾರುವ ಕೆಪಾಸಿಟರ್‌ಗಳೂ ನಾಲ್ಕೈದು ವಾಟ್‌ನ ಮೀಡಿಯಂ ವೇವ್ ರೇಡಿಯೊಗೆ ಬೇಡ. ಆ ಹಣಕ್ಕೆ ಹೊಸ ಮೇನ್ಸ್ ವೈರ್ ಹಾಕಿಸಿ. ಬಹುಶಃ ನಿಮ್ಮಲ್ಲಿರುವುದು ಬಟ್ಟೆ ಹೊದಿಸಿದ ರಬ್ಬರ್ ವೈರ್, ಬಗ್ಗಿಸಿದರೆ ಪುಡಿಯಾಗುತ್ತದೆ.

ಬದಲಿಸುವಾಗ ಅಳತೆಗಳ ಬಗ್ಗೆ ಚಿಂತೆ ಬೇಡ. 0.05 ಎಂದಿರುವಲ್ಲಿ 0.047, 0.02ಕ್ಕೆ 0.022, 32ಕ್ಕೆ 33, 50ಕ್ಕೆ 47 ಮೈಕ್ರೊಫ್ಯಾರಡ್ ನಡೆಯುತ್ತದೆ. ವೋಲ್ಟೇಜ್ ಮಾತ್ರ ಹಳೆಯದಕ್ಕೆ ಸಮ ಅಥವಾ ಹೆಚ್ಚಿರಬೇಕು. ಫಿಲ್ಟರ್‌ಗೆ 450 ವೋಲ್ಟ್. ಗುಂಯ್ ಸದ್ದು ಪೂರ್ತಿ ಹೋಗಲಿ ಎಂದು ರೆಕ್ಟಿಫೈಯರ್‌ನ ಪಕ್ಕದ ಮೊದಲ ಕೆಪಾಸಿಟರ್‌ಗೆ 100, 220 ಮೈಕ್ರೊಫ್ಯಾರಡ್ ಹಾಕುವವರಿದ್ದಾರೆ. ಇಝಡ್ 80 ತಡೆದುಕೊಳ್ಳುವುದು ಹೆಚ್ಚೆಂದರೆ 50 ಮೈಕ್ರೊಫ್ಯಾರಡ್. ಅದಕ್ಕೂ ಮೀರಿದರೆ ಪ್ರತಿ ಆವರ್ತದಲ್ಲೂ ಚಾರ್ಜ್ ಆಗುವ ಕರೆಂಟಿನ ಹೊಡೆತಕ್ಕೆ ವಾಲ್ವ್ ಬೇಗ ಹೋಗುತ್ತದೆ.

ಎಲೆಕ್ಟ್ರೊಲಿಟಿಕ್ ಕೊಳ್ಳುವಾಗ 105 ಡಿಗ್ರಿಯದ್ದನ್ನೇ ಕೇಳಿ. ಉಷ್ಣತೆ ಹತ್ತು ಡಿಗ್ರಿ ಇಳಿದರೆ ಆಯುಸ್ಸು ಇಮ್ಮಡಿ ಎನ್ನುವುದು ಈ ಉದ್ಯಮದ ಸ್ಥೂಲ ಸೂತ್ರ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವುದು 65 ಡಿಗ್ರಿಯ ಶಾಸಿಯೊಳಗೆ 32,000 ಗಂಟೆ ಬಾಳಬೇಕು, ದಿನಕ್ಕೆ ಮೂರು ಗಂಟೆಯಂತೆ ಸುಮಾರು 29 ವರ್ಷ. ಅದೇ 2000 ಗಂಟೆಯ 85 ಡಿಗ್ರಿ ಕೆಪಾಸಿಟರ್‌ಗೆ ಬರುವುದು ಏಳು ವರ್ಷವಷ್ಟೇ. ಹಾಸನದಲ್ಲಿ 450 ವೋಲ್ಟ್‌ನದ್ದು ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಅಂಗಡಿಯವರು ಪ್ರೀತಿಯಿಂದ ‘ಆ ಕಾಲದ್ದೇ, ಹೊಸದಾಗಿಯೇ ಇದೆ’ ಎಂದು ಕೊಡುವ ಹಳೆಯ ದಾಸ್ತಾನು ಮಾತ್ರ ಬೇಡ. ಡಬ್ಬದಲ್ಲಿದ್ದರೂ ಅದಕ್ಕೆ ವಯಸ್ಸಾಗಿದೆ.

ಶಾಸಿಯ ಮೇಲೆ ನಿಂತಿರುವ ಅಲ್ಯೂಮಿನಿಯಂ ಡಬ್ಬಿಯಲ್ಲಿ ಎರಡು ಫಿಲ್ಟರ್‌ಗಳು ಒಟ್ಟಿಗಿರಬಹುದು. ಡಬ್ಬಿಯನ್ನು ಅಲಂಕಾರಕ್ಕೆ ಹಾಗೆಯೇ ಬಿಟ್ಟು, ಹೊಸ ಎರಡನ್ನು ಕೆಳಗೆ ಕೂರಿಸಿ. ಆದರೆ ಹಳೆಯದರ ತಂತಿಗಳನ್ನು ಪೂರ್ತಿ ಬಿಡಿಸಲೇಬೇಕು. ಹಳೆಯದರ ಮೇಲೆಯೇ ಹೊಸದನ್ನು ಜೋಡಿಸಿದರೆ ಗುಂಯ್ ಸದ್ದು ನಿಲ್ಲುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಇನ್ನೊಂದು ಎಚ್ಚರಿಕೆ: ಕೆಲವು ಸೆಟ್‌ಗಳಲ್ಲಿ ಡಬ್ಬಿಯ ಋಣ ತುದಿಯನ್ನು ಶಾಸಿಗೆ ತಾಗದಂತೆ ಇನ್ಸುಲೇಟ್ ಮಾಡಿ, ಒಂದು ಚಿಕ್ಕ ರೆಸಿಸ್ಟರ್ ಮೂಲಕ ಸೇರಿಸಿರುತ್ತಾರೆ. ಹೊಸದರ ಋಣ ತುದಿ ಹಳೆಯದು ಎಲ್ಲಿತ್ತೋ ಅಲ್ಲಿಗೇ ಹೋಗಬೇಕು.

ನೀವೇ ಮಾಡಬಹುದೆ? ಬೆಸುಗೆ ಬಂದರಷ್ಟೇ ಸಾಲದು. ಪ್ಲಗ್ ತೆಗೆದ ಮೇಲೂ ಫಿಲ್ಟರ್‌ನಲ್ಲಿ ಮುನ್ನೂರು ವೋಲ್ಟ್ ಉಳಿದಿರಬಹುದು. 10 ಕಿಲೋಓಮ್, 5 ವಾಟ್ ರೆಸಿಸ್ಟರ್‌ಗೆ ಇನ್ಸುಲೇಟೆಡ್ ವೈರ್ ಬೆಸೆದು ಕೆಲವು ಸೆಕೆಂಡ್ ಹಿಡಿದು ಡಿಸ್ಚಾರ್ಜ್ ಮಾಡಿ, ಮೀಟರ್‌ನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕಬೇಕು. ಸ್ಕ್ರೂಡ್ರೈವರ್‌ನಿಂದ ಕಿಡಿ ಹಾರಿಸುವುದು ಬೇಡ. ವಿದ್ಯುತ್ ಇರುವಾಗ ವೋಲ್ಟೇಜ್ ಅಳೆಯುವ ಅಭ್ಯಾಸ ನಿಮಗೆ ಇಲ್ಲವಾದರೆ ಬದಲಿಸುವ ಕೆಲಸ ನೀವು ಮಾಡಿ, ಅಳೆಯುವ ಕೆಲಸವನ್ನು ಆ ಮೆಕ್ಯಾನಿಕ್‌ಗೆ ಬಿಡಿ, ಇದರಲ್ಲಿ ಸಂಕೋಚವೇನಿಲ್ಲ. ಶಾಸಿಯ ಕೆಳಭಾಗದ ಫೋಟೊಗಳನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡು, ಒಂದನ್ನು ಕಿತ್ತು ಅದೇ ಜಾಗಕ್ಕೆ ಹೊಸದನ್ನು ಹಾಕಿದ ಮೇಲೆಯೇ ಮುಂದಿನದಕ್ಕೆ ಹೋಗಿ. ಎಲ್ಲವನ್ನೂ ಒಮ್ಮೆಗೇ ಕಿತ್ತು ಹರಡಿಕೊಂಡು, ಆಮೇಲೆ ಯಾವ ತಂತಿ ಎಲ್ಲಿಯದು ಎಂದು ಹುಡುಕುವ ಸೆಟ್‌ಗಳೇ ನನ್ನ ಮೇಜಿಗೆ ಹೆಚ್ಚು ಬರುತ್ತವೆ.

ಮೊದಲ ಸಲ ವಿದ್ಯುತ್ ಕೊಡುವಾಗ ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಬೋರ್ಡ್ (ರೇಡಿಯೊಗೆ ಹೋಗುವ ಕರೆಂಟ್ ಒಂದು ಬಲ್ಬ್ ಮೂಲಕ ಹಾಯುವಂತೆ ಮಾಡಿದ ಬೋರ್ಡ್) ಬಳಸಿ, ಅದರಲ್ಲಿ 60 ವಾಟ್‌ನ ಹಳೆಯ ತಂತಿ ಬಲ್ಬ್ ಇರಲಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಬಲ್ಬ್ ಒಮ್ಮೆ ಬೆಳಗಿ ಮಂದವಾದರೆ ಒಳ್ಳೆಯದು, ಪ್ರಖರವಾಗಿಯೇ ಉಳಿದರೆ ಎಲ್ಲೋ ಶಾರ್ಟ್ ಇದೆ. ಬಲ್ಬ್ ತೆಗೆದು ಪೂರ್ಣ ವೋಲ್ಟೇಜ್ ಕೊಟ್ಟ ಬಳಿಕ ಇಎಲ್ 84ರ ಕ್ಯಾಥೋಡ್ ರೆಸಿಸ್ಟರ್ ಮೇಲೆ ಏಳು ವೋಲ್ಟ್ ಆಸುಪಾಸು ಕಂಡರೆ ವಾಲ್ವ್ ಹಿಡಿತದಲ್ಲಿದೆ. ಹನ್ನೆರಡು ಕಂಡರೆ ತಕ್ಷಣ ಆಫ್ ಮಾಡಿ. ಶಾಸಿಯ ಹಿಂದಿನ ವೋಲ್ಟೇಜ್ ಸೆಲೆಕ್ಟರ್ 220ರಲ್ಲಿದ್ದರೆ 240ಕ್ಕೆ ಬದಲಿಸಿ, ಏಕೆಂದರೆ ತೋಟದ ಲೈನಿನಲ್ಲಿ ರಾತ್ರಿ ಪಂಪ್‌ಗಳು ನಿಂತ ಮೇಲೆ ವೋಲ್ಟೇಜ್ ಏರುವುದು ನಿಮಗೇ ಗೊತ್ತಿರುತ್ತದೆ. ಮೇನ್ಸ್ ದಾರಿಯಲ್ಲಿ 500 ಮಿಲಿಆಂಪಿಯರ್ ಸ್ಲೋ ಫ್ಯೂಸ್ ಒಂದನ್ನು ಸೇರಿಸುವುದೂ ಒಳ್ಳೆಯದು.

ಎಲ್ಲ ಸರಿಯಾದ ಮೇಲೆ ಹಾಸನ ಆಕಾಶವಾಣಿ ಬರುತ್ತಿಲ್ಲ ಎಂದು ಕೆಪಾಸಿಟರ್‌ಗಳನ್ನು ದೂರಬೇಡಿ. ಅದು ಎಫ್‌ಎಂ, ನಿಮ್ಮ ಸೆಟ್ ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್‌ನದ್ದು. ಮೀಡಿಯಂ ವೇವ್‌ನಲ್ಲಿ ಕೊರಕೊರ ಸದ್ದು ಉಳಿದರೆ ಮನೆಯ ಎಲ್‌ಇಡಿ ಬಲ್ಬ್‌ಗಳನ್ನೂ ಮೊಬೈಲ್ ಚಾರ್ಜರ್‌ಗಳನ್ನೂ ಒಂದೊಂದಾಗಿ ಆರಿಸಿ ನೋಡಿ, ಕಾರಣ ಅಲ್ಲೇ ಸಿಗುವುದು ಹೆಚ್ಚು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ರೇಡಿಯೊ ಹಾಕಿ. ವಾಲ್ವ್‌ಗಳ ಕಾವಿಗೆ ಒಳಗಿನ ತೇವ ಹೋಗುತ್ತದೆ, ಎಲೆಕ್ಟ್ರೊಲಿಟಿಕ್‌ಗಳ ಆಕ್ಸೈಡ್ ಪದರವೂ ಉಳಿಯುತ್ತದೆ. ಗುಡುಗು ಶುರುವಾದರೆ ಪ್ಲಗ್ ಮತ್ತು ಹೊರಗಿನ ಏರಿಯಲ್ ಎರಡನ್ನೂ ಕಿತ್ತಿಡಿ. ಕೆಲಸವನ್ನು ಮೆಕ್ಯಾನಿಕ್‌ಗೇ ಒಪ್ಪಿಸುವುದಾದರೆ, ಐಎಫ್ ಕ್ಯಾನ್‌ಗಳನ್ನು ಮುಟ್ಟಬಾರದೆಂದು ಮೊದಲೇ ಹೇಳಿ, ತೆಗೆದ ಹಳೆಯ ಕೆಪಾಸಿಟರ್‌ಗಳನ್ನು ಕವರಿನಲ್ಲಿ ವಾಪಸ್ ಕೇಳಿ, ಮತ್ತು ಇಎಲ್ 84ರ ಆನೋಡ್, ಸ್ಕ್ರೀನ್, ಕ್ಯಾಥೋಡ್ ವೋಲ್ಟೇಜ್‌ಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ರೇಡಿಯೊದ ಹಿಂದಿನ ಹಲಗೆಯ ಒಳಬದಿಗೆ ಅಂಟಿಸಿಡಿ. ಮುಂದೆ ಅದನ್ನು ಬಿಚ್ಚುವವರಿಗೆ ಬೇಕಾಗುವುದು ಅದೇ.